ಚುನಾಭಟ್ಟಿಯಲ್ಲಿ ಗಾಡಿ ನಿಂತ ಕಾರಣ

ಸಯನ್‌ನ ಆಸ್ಪತ್ರೆಯಿಂದ ಹೊರಟಾಗ ಮಧ್ಯಾಹ್ನ ಕಳೆದಿತ್ತು. ಅಕ್ಟೋಬರ್ ತಿಂಗಳ ಸೆಕೆ. ಸರ್ಕಲ್ ದಾಟುವುದಕ್ಕೇ ಬಹಳ ಹೊತ್ತು ಹಿಡಿಯಿತು. ಚುನಾಭಟ್ಟಿಯ ಹತ್ತಿರ ಬಸ್ಸು, ಟ್ಯಾಂಕರು, ರಿಕ್ಷಾಗಳ ನಡುವೆ ಗೇಣುಗೇಣಾಗಿ ಸರಿಯುತ್ತಿದ್ದಾಗ, ನಾನು ಓಡಿಸುತ್ತಿದ್ದ ಶವವಾಹನದ ಇಂಜಿನ್ ನಿಂತುಹೋಯಿತು.

ಕುಲುಕಲಿಲ್ಲ, ಕೆಮ್ಮಲಿಲ್ಲ. ಯಾರೋ ಕೀ ತಿರುಗಿಸಿ ಬಂದ್ ಮಾಡಿದ ಹಾಗೆ ಒಮ್ಮೆಲೇ ನಿಂತಿತು. ಮತ್ತೆ ಕೀ ತಿರುಗಿಸಿದೆ. ಸ್ಟಾರ್ಟರ್ ಚೆನ್ನಾಗಿಯೇ ತಿರುಗಿತು, ಮೀಟರಿನ ಕೆಂಪು ದೀಪಗಳೂ ಉರಿಯುತ್ತಿದ್ದವು, ಇಂಜಿನ್ ಮಾತ್ರ ಹಿಡಿಯಲಿಲ್ಲ. ಹಿಂದಿನಿಂದ ಹಾರ್ನುಗಳು ಶುರುವಾದವು.

ಗಾಡಿಯೊಳಗೆ ಇಪ್ಪತ್ತನಾಲ್ಕು ವರ್ಷದ ಹುಡುಗನ ದೇಹವಿತ್ತು. ಡೆಂಗಿ ಜ್ವರ ಬಂದು ವಾರದೊಳಗೆ ಹೋಗಿಬಿಟ್ಟಿದ್ದ. ಒಬ್ಬನೇ ಮಗ. ಪಕ್ಕದ ಬೆಂಚಿನ ಮೇಲೆ ಅವನ ತಾಯಿ ಕೂತಿದ್ದರು. ನಮ್ಮ ಕಡೆ ಹೆಂಗಸರು ಸಾಮಾನ್ಯವಾಗಿ ಸ್ಮಶಾನಕ್ಕೆ ಬರುವುದಿಲ್ಲ. ನೆಂಟರು ಬೇಡವೆಂದು ಎಷ್ಟು ಹೇಳಿದರೂ ಅವರು ಕೇಳಿರಲಿಲ್ಲ. ತಂದೆ ನನ್ನ ಪಕ್ಕದ ಸೀಟಿನಲ್ಲಿದ್ದರು. ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ತೆಗೆದುಕೊಳ್ಳುವವರು ಅವರು. ಕತ್ತಲಾಗುವ ಮೊದಲು ಚೆಂಬೂರಿನ ಸ್ಮಶಾನ ಮುಟ್ಟಬೇಕೆಂದು ಹೊರಡುವಾಗಲೇ ಎರಡು ಸಲ ಹೇಳಿದ್ದರು. ಮೋಟಾರ್‌ಸೈಕಲ್ಲಿನಲ್ಲಿದ್ದ ಗೆಳೆಯರು, ಟ್ಯಾಕ್ಸಿಯಲ್ಲಿದ್ದ ನೆಂಟರು ಎಲ್ಲ ಮುಂದೆ ಹೋಗಿಬಿಟ್ಟಿದ್ದರು.

"ಎಂತಾಯ್ತು?" ಎಂದು ತಂದೆ ಕೇಳಿದರು.

"ಗೊತ್ತಾಗ್ತಾ ಇಲ್ಲ ಅಣ್ಣ. ಸ್ವಲ್ಪ ತಡೀರಿ."

ಅವರು ತಡೆಯಲಿಲ್ಲ. ಬಾಗಿಲು ತೆಗೆದು ಇಳಿದು ಗಾಡಿಯ ಹಿಂದಕ್ಕೆ ಹೋದರು. ಎರಡೂ ಕೈ ಹಿಂಬಾಗಿಲಿಗೆ ಒತ್ತಿ ತಳ್ಳಲು ಶುರುಮಾಡಿದರು. ಅದು ತಳ್ಳಿದರೆ ಹೋಗುವ ತೊಂದರೆಯಲ್ಲ. ಸ್ಟಾರ್ಟರ್ ಅಷ್ಟು ಚೆನ್ನಾಗಿ ತಿರುಗುವಾಗ ತಳ್ಳಿ ಪ್ರಯೋಜನವಿಲ್ಲ. ನಾನು ಇಳಿದು ಹಾಗೆಂದು ಹೇಳಿದೆ. ಅವರಿಗೆ ಕೇಳಿಸಲೇ ಇಲ್ಲ. ಹಲ್ಲು ಕಚ್ಚಿ, ತಲೆ ತಗ್ಗಿಸಿ, ಮಗನಿದ್ದ ಗಾಡಿಯನ್ನು ಒಬ್ಬರೇ ತಳ್ಳುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಟ್ರಾಫಿಕ್ ಪೊಲೀಸಿನವನು "ಗಾಡಿ ಸೈಡ್ ಮೇ ಲೋ" ಎಂದು ಕೂಗುತ್ತ ಬಂದವನು ಕಿಟಕಿಯ ಬಿಳಿ ಪರದೆ ನೋಡಿ ಸುಮ್ಮನಾದ. ಅವನೂ ಕೈ ಕೊಟ್ಟ. ಮೂವರೂ ಸೇರಿ ಗಾಡಿಯನ್ನು ರಸ್ತೆಯ ಅಂಚಿಗೆ ತಂದೆವು.

ಆಗ ಒಳಗಿನಿಂದ ತಾಯಿಯ ದನಿ ಕೇಳಿತು.

"ತಳ್ಳಬೇಡಿ. ಅವನಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ."

ಇಂಜಿನ್ ಮುಚ್ಚಿದ್ದ ಮುಂದಿನ ಸೀಟು ಎತ್ತಿ ನೋಡಿದೆ. ವಯರು ಬಿಚ್ಚಿಲ್ಲ, ಪೈಪು ಸೋರಿಲ್ಲ, ಇಂಜಿನ್ ಮಿತಿಮೀರಿ ಕಾದೂ ಇಲ್ಲ. ಪ್ಲಗ್ಗು ತೆಗೆದು ಸ್ಪಾರ್ಕ್ ನೋಡಬೇಕಿತ್ತು. ಆದರೆ ಒಂದು ಕೈ ದೂರದಲ್ಲಿ ಆ ತಾಯಿ ಮಗನ ಕೈ ಹಿಡಿದು ಕೂತಿದ್ದಾಗ ಪಾನಾ ಹಿಡಿದು ಅಲ್ಲಿ ಕೆಲಸ ಮಾಡಲು ನನ್ನಿಂದಾಗಲಿಲ್ಲ. ಬೇರೆ ಗಾಡಿಗೆ ಫೋನ್ ಮಾಡುತ್ತಿದ್ದೆ. ಇಪ್ಪತ್ತು ನಿಮಿಷವಾಗಿರಬಹುದು, ಸುಮ್ಮನೆ ಇನ್ನೊಮ್ಮೆ ಕೀ ತಿರುಗಿಸಿದೆ. ಏನೂ ಆಗಿಯೇ ಇಲ್ಲವೆಂಬಂತೆ ಇಂಜಿನ್ ಶುರುವಾಯಿತು. ಸ್ಮಶಾನದವರೆಗೆ ಒಮ್ಮೆಯೂ ನಿಲ್ಲಲಿಲ್ಲ.

ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಅದೊಂದು ಹಳೆಯ ಪೆಟ್ರೋಲ್ ವ್ಯಾನ್. ಹೋಟೆಲ್ ಮಾಲೀಕರೊಬ್ಬರು ತರಕಾರಿ ತರಲು ಇಟ್ಟುಕೊಂಡಿದ್ದನ್ನು ನಮ್ಮ ಕನ್ನಡ ಸಂಘಕ್ಕೆ ದಾನವಾಗಿ ಕೊಟ್ಟಿದ್ದರು. ಹಿಂದಿನ ಸೀಟು ತೆಗೆಸಿ ಸ್ಟ್ರೆಚರ್ ಕೂರಿಸಿ, ಪಕ್ಕಕ್ಕೊಂದು ಬೆಂಚು, ಚಾವಣಿಗೊಂದು ಚಿಕ್ಕ ಫ್ಯಾನು ಹಾಕಿಸಿದ್ದೆವು. ಚಾಳಿನ ಒಂದೊಂದು ಕೋಣೆಯಲ್ಲಿರುವವರು, ಹೋಟೆಲಿನಲ್ಲಿ ದುಡಿಯುವವರು ಯಾರು ತೀರಿಕೊಂಡರೂ ದುಡ್ಡು ಕೇಳದೆ ಹೋಗುವ ಗಾಡಿ ಅದು. ಚೆಂಬೂರಿನ ನನ್ನ ಸಣ್ಣ ಗ್ಯಾರೇಜಿನಲ್ಲೇ ನಿಲ್ಲುತ್ತಿತ್ತು. ರಿಪೇರಿಯೂ ನನ್ನದೇ, ಓಡಿಸುವುದೂ ಹೆಚ್ಚಾಗಿ ನಾನೇ.

ಮರುದಿನ ಸಂಘದ ಕಾರ್ಯದರ್ಶಿ ಬಂದರು. ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಆದರೆ ಸಂಘದ ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ ಎಂಬುದು ಅವರೊಬ್ಬರಿಗೇ ಗೊತ್ತು.

"ಮದುವೆ ಗಾಡಿ ನಿಂತ್ರೆ ಜನ ನಗ್ತಾರೆ, ಅಷ್ಟೇ. ಇದು ನಿಂತ್ರೆ ಆ ಮನೆಯವರು ಸಾಯೋವರೆಗೂ ಮರೆಯಲ್ಲ" ಎಂದರು. "ದೊಡ್ಡ ಖರ್ಚು ಮಾತ್ರ ಹೇಳ್ಬೇಡಿ. ಇನ್ನೊಂದ್ಸಲ ನಿಂತ್ರೆ ಗುಜರಿಗೆ ಹಾಕೋದೊಂದೇ ದಾರಿ."

ದುಡ್ಡಿದ್ದವರ ಗಾಡಿಯಾದರೆ ಪಂಪು, ಕಾಯಿಲ್, ಸೆನ್ಸಾರು ಎಲ್ಲವನ್ನೂ ಒಂದೇ ಸಲ ಬದಲಾಯಿಸಿ ಕೈತೊಳೆದುಕೊಳ್ಳಬಹುದಿತ್ತು. ಇಲ್ಲಿ ಖರ್ಚಿಲ್ಲದ್ದನ್ನೇ ಮೊದಲು ನೋಡಬೇಕಿತ್ತು. ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಉಜ್ಜಿದೆ. ಅರ್ಥ್ ವಯರನ್ನು ಬಾಡಿಯಿಂದ ಬಿಡಿಸಿ, ತುಕ್ಕು ತೆಗೆದು ಮತ್ತೆ ಬಿಗಿದೆ. ಟ್ಯಾಂಕ್ ಇಳಿಸಿ ತೊಳೆದೆ. ಪೆಟ್ರೋಲ್ ಫಿಲ್ಟರ್ ಒಂದನ್ನು ಹೊಸದು ಹಾಕಿದೆ. ಹಳೆಯ ಫಿಲ್ಟರನ್ನು ಕತ್ತರಿಸಿ ನೋಡಿದಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕೊಳೆ ಇತ್ತು, ಆದರೆ ಇಂಜಿನ್ ನಿಲ್ಲಿಸುವಷ್ಟಲ್ಲ. ಪೆಟ್ರೋಲ್ ಸಾಲದೆ ನಿಲ್ಲುವ ಇಂಜಿನ್ ನಿಲ್ಲುವ ಮೊದಲು ಒದ್ದಾಡುತ್ತದೆ. ಇದು ಒದ್ದಾಡಿರಲಿಲ್ಲ.

ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಚಾಲೂ ಇಟ್ಟು ಕಾದೆ. ಈ ಮಾದರಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿ, ಮುಚ್ಚಳ ತೆಗೆದು, ಎಲ್ಲ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಅದು ನಿಲ್ಲಲೇ ಇಲ್ಲ. ಬಂದು ಹೋಗುವ ತೊಂದರೆಯ ಹಣೆಬರಹವೇ ಅದು. ಹುಡುಕಲು ಹೊರಟಾಗ ಗಾಡಿ ಹೊಸದರ ಹಾಗೆ ಓಡುತ್ತದೆ.

ಉತ್ತರಕ್ರಿಯೆ ಮುಗಿದ ಕೆಲವು ದಿನಗಳ ಮೇಲೆ ಆ ತಂದೆ ಗ್ಯಾರೇಜಿಗೆ ಬಂದರು. ಸಂಘಕ್ಕೆ ಏನಾದರೂ ಕೊಡಲು ಬಂದಿರಬಹುದೆಂದುಕೊಂಡೆ. ಅವರು ವ್ಯಾನಿನ ಹಿಂಬಾಗಿಲನ್ನೇ ನೋಡುತ್ತ ನಿಂತರು.

"ಅವತ್ತು ಯಾಕೆ ನಿಂತದ್ದು, ಗೊತ್ತಾಯ್ತಾ?"

"ಇಲ್ಲ ಅಣ್ಣ. ನೋಡ್ತಾ ಇದ್ದೇನೆ."

"ಗೊತ್ತಾದ್ರೆ ನನಗೆ ಹೇಳ್ಬೇಕು."

"ಹೇಳ್ತೇನೆ. ನೀವು ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಬೇಡಿ."

ಅವರು ಅಲ್ಲೇ ಇದ್ದ ಟೈರಿನ ಮೇಲೆ ಕೂತರು. ಆಮೇಲೆ ಹೇಳಿದರು: "ಅವಳು ನನ್ನತ್ರ ಮಾತಾಡುದಿಲ್ಲ ಮಾರಾಯ್ರೇ. ಅಡಿಗೆ ಮಾಡ್ತಾಳೆ, ಬಡಿಸ್ತಾಳೆ. ಮಾತಿಲ್ಲ. ಒಂದೇ ಒಂದು ಸಲ ಹೇಳಿದ್ಳು. 'ಅವನು ನಿಂತ. ನೀವು ತಳ್ಳಿದಿರಿ' ಅಂತ."

ನಾನು ಕೈಯಲ್ಲಿದ್ದ ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದೆ.

"ಅದು ಗಾಡಿಯ ತೊಂದರೆ ಅಂತ ನಾನು ಹೇಳಿದೆ. ಹಾಗಾದ್ರೆ ಮತ್ತೆ ಯಾಕೆ ತನ್ನಷ್ಟಕ್ಕೆ ಸರಿಯಾಯ್ತು ಅಂತ ಕೇಳಿದ್ಳು. ನನ್ನತ್ರ ಉತ್ತರ ಇಲ್ಲ. ನಿಮ್ಮತ್ರ ಉಂಟಾ?"

ನಾನು ವ್ಯಾನಿನ ಸೀಟು ಮತ್ತೊಮ್ಮೆ ಎತ್ತಿದೆ.

ಅಂದಿನಿಂದ ಅವರು ಬಿಡುವು ಸಿಕ್ಕಾಗಲೆಲ್ಲ ಬರತೊಡಗಿದರು. ಬೈಕುಲ್ಲಾದಿಂದ ಕುರ್ಲಾಕ್ಕೆ ಲೋಕಲ್ ರೈಲು, ಅಲ್ಲಿಂದ ಹಾರ್ಬರ್ ಲೈನಿನಲ್ಲಿ ಚೆಂಬೂರು. ಮನೆಗೆ ಹೋಗುವ ಮೊದಲು ನನ್ನಲ್ಲಿ ಒಂದಷ್ಟು ಹೊತ್ತು ಕೂತು ಹೋಗುವರು. ಬೇರೆಯವರ ಗಾಡಿಯ ಕೆಲಸ ಮಾಡುತ್ತಿದ್ದರೂ ನನ್ನ ಕಣ್ಣು ಆ ವ್ಯಾನಿನ ಕಡೆಗೇ ಹೋಗುತ್ತಿತ್ತು.

ನಿಂತ ಗಳಿಗೆಯಲ್ಲಿ ಏನು ಇಲ್ಲವಾಯಿತು ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೆ ಎರಡು ಚಿಕ್ಕ ಬಲ್ಬು ತೆಗೆದುಕೊಂಡೆ. ಒಂದನ್ನು ಪೆಟ್ರೋಲ್ ಪಂಪಿಗೆ ಹೋಗುವ ವಯರಿಗೆ, ಇನ್ನೊಂದನ್ನು ಸ್ಪಾರ್ಕ್ ಕೊಡುವ ಕಾಯಿಲ್‌ನ ವಯರಿಗೆ ಜೋಡಿಸಿ, ಉದ್ದದ ತಂತಿಯಲ್ಲಿ ಎರಡನ್ನೂ ಡ್ಯಾಶ್‌ಬೋರ್ಡಿನ ಮೇಲೆ ತಂದು ಅಂಟಿಸಿದೆ. ಗಾಡಿ ಓಡುವಾಗ ಎರಡೂ ಉರಿಯುತ್ತಿರಬೇಕು. ನಿಂತಾಗ ಯಾವುದು ಆರುತ್ತದೋ ಆ ದಾರಿಯಲ್ಲಿ ಹುಡುಕಿದರಾಯಿತು. ಆಸ್ಪತ್ರೆಯ ಗೇಟಿನಿಂದ ಸ್ಮಶಾನದ ಗೇಟಿನವರೆಗೆ ಅದೇ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿದೆ. ತಂದೆ ಪಕ್ಕದಲ್ಲಿ ಕೂತು ಬಲ್ಬುಗಳನ್ನೇ ನೋಡುತ್ತಿದ್ದರು. ಚುನಾಭಟ್ಟಿ ಬಂದಾಗ ಅವರು ಮುಂದಕ್ಕೆ ಬಾಗುತ್ತಿದ್ದರು. ಬಲ್ಬುಗಳು ಉರಿಯುತ್ತಲೇ ಇದ್ದವು. ಮೂರ್ನಾಲ್ಕು ಸಲ ಹೋದೆವು. ಒಮ್ಮೆಯೂ ನಿಲ್ಲಲಿಲ್ಲ.

ಅಷ್ಟರಲ್ಲಿ ಸೆಕೆ ಕಳೆದು ಡಿಸೆಂಬರ್ ಬಂದಿತ್ತು. ಒಂದು ಬೆಳಗ್ಗೆ ಹಾಗೇ ಬಲ್ಬು ಕಟ್ಟಿಕೊಂಡು ಇಬ್ಬರೂ ಹೊರಟಿದ್ದಾಗ ಕಾರ್ಯದರ್ಶಿಯ ಫೋನ್ ಬಂತು. ಬೈಕುಲ್ಲಾದ ಚಾಳೊಂದರಲ್ಲಿ ಮುದುಕಿಯೊಬ್ಬರು ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಒಬ್ಬ ಮಗ, ಒಬ್ಬ ಅಳಿಯ.

"ನೀವು ಇಳೀರಿ ಅಣ್ಣ, ನಾನು ಹೋಗಿ ಬರ್ತೇನೆ" ಎಂದೆ.

"ಮೂರನೇ ಮಾಳಿಗೆ ಅಂತೆ. ಹೊರ್ಲಿಕ್ಕೆ ಜನ ಬೇಕಲ್ಲ" ಎಂದರು. ಇಳಿಯಲಿಲ್ಲ.

ಚಾಳಿನ ಮರದ ಮೆಟ್ಟಿಲು ಇಕ್ಕಟ್ಟಾಗಿತ್ತು. ತಲೆಯ ಕಡೆ ಅವರು ಹಿಡಿದರು. ತಿರುವಿನಲ್ಲಿ ಹೇಗೆ ಎತ್ತಬೇಕು, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು ಎಂದು ಆ ಮಗನಿಗೆ ಮೆಲ್ಲಗೆ ಹೇಳುತ್ತಿದ್ದರು. ಸಯನ್ ಸ್ಮಶಾನದಲ್ಲಿ ಕೊನೆಯವರೆಗೂ ನಿಂತರು. ವಾಪಸು ಬರುವಾಗ ಒಂದು ಮಾತು ಹೇಳಿದರು: "ನನ್ನ ಮಗನಿಗೆ ನಾನು ಇಷ್ಟು ನಿಧಾನ ಮಾಡ್ಲಿಲ್ಲ. ಬೇಗ ಬೇಗ ಅಂತ ಎಲ್ಲರನ್ನೂ ಓಡಿಸಿದೆ."

ಆ ಪ್ರಯಾಣದಲ್ಲೂ ಗಾಡಿ ನಿಲ್ಲಲಿಲ್ಲ. ಚಳಿಗಾಲದಲ್ಲಿ ಇನ್ನೂ ಕೆಲವು ಸಲ ಹೊರಟಿತು. ಎಲ್ಲೂ ನಿಲ್ಲಲಿಲ್ಲ. ಕಾರ್ಯದರ್ಶಿಗೆ ಖುಷಿಯೋ ಖುಷಿ.

"ಫಿಲ್ಟರೇ ಆಗಿತ್ತು ನೋಡಿ" ಎಂದರು.

ಆದರೆ ಆ ಹುಡುಗನ ಮನೆಯಲ್ಲಿ ಇದೇ ವಿಷಯ ಬೇರೆಯಾಗಿತ್ತು. ತಂದೆ ಒಂದು ಸಂಜೆ ಬಂದು ಹೇಳಿದರು: "ಗಾಡಿ ಮತ್ತೆ ನಿಂತಿಲ್ವಂತೆ ಅಂತ ಅವಳಿಗೆ ಯಾರೋ ಹೇಳಿದ್ದಾರೆ. ಈಗ ಅವಳಿಗೆ ಗಟ್ಟಿಯಾಯ್ತು. ಎಷ್ಟೋ ಜನರನ್ನು ಹೊತ್ತಿತಲ್ಲ, ಯಾರಿಗೂ ನಿಲ್ಲದ್ದು ಅವನಿಗೆ ಮಾತ್ರ ನಿಂತಿತು ಅಂತಾಳೆ. ನನ್ನತ್ರ ಹೇಳುದಿಲ್ಲ, ನೆರೆಮನೆಯವರ ಹತ್ರ ಹೇಳ್ತಾಳೆ, ನನಗೆ ಕೇಳ್ಬೇಕು ಅಂತ."

ಇಷ್ಟು ವರ್ಷದಲ್ಲಿ ಗಾಡಿ ನಿಲ್ಲಲಿಲ್ಲ ಎಂಬ ಕಾರಣಕ್ಕೆ ನಾನು ಬೇಸರ ಪಟ್ಟದ್ದು ಆಗ ಮಾತ್ರ.

ಎದ್ದು ಹೋಗುವಾಗ ಅವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಹೇಳಬೇಕೆಂದು ಹೇಳಿದ್ದಲ್ಲ, ಸಂಕಟಕ್ಕೆ ಹೊರಬಂದದ್ದು. "ಫ್ಯಾನು ಕೂಡ ನಿಂತಿತಂತೆ. ಅವಳು ಸೆರಗಿನಿಂದ ಗಾಳಿ ಹಾಕ್ತಾ ಇದ್ದಳಂತೆ. 'ಎಲ್ಲವನ್ನೂ ನಿಲ್ಲಿಸಿ ಅವನು ನನ್ನನ್ನು ನೋಡಿದ' ಅಂತಾಳೆ."

"ಯಾವ ಫ್ಯಾನು?" ಎಂದೆ.

"ಅದೇ, ಮೇಲೆ ಉಂಟಲ್ಲ, ಚಿಕ್ಕದು."

ನಾನು ಎದ್ದುನಿಂತೆ. ಸ್ಟಾರ್ಟರಿಗೆ ಕರೆಂಟು ಬರುತ್ತಿತ್ತು, ಮೀಟರಿನ ದೀಪ ಉರಿಯುತ್ತಿತ್ತು, ಫ್ಯಾನು ಮಾತ್ರ ಇಂಜಿನ್ನಿನ ಜೊತೆಗೇ ನಿಂತಿತ್ತು. ಹಾಗಾದರೆ ಇಂಜಿನ್ನಿಗೂ ಫ್ಯಾನಿಗೂ ಎಲ್ಲೋ ಒಂದೇ ಕಡೆಯಿಂದ ಕರೆಂಟು ಹೋಗುತ್ತಿರಬೇಕು. ಮುಂದಿನ ಸೀಟಿನಲ್ಲಿದ್ದ ನಮ್ಮಿಬ್ಬರಿಗೂ ಅದು ಗೊತ್ತಾಗಿರಲಿಲ್ಲ. ಹಿಂದೆ ಕೂತವರೊಬ್ಬರಿಗೇ ಗೊತ್ತಿತ್ತು.

ಅವರು ಹೋದ ಮೇಲೆ ಚಾವಣಿಯ ಹೊದಿಕೆ ಬಿಚ್ಚಿ ಫ್ಯಾನಿನ ವಯರನ್ನು ಹಿಡಿದುಕೊಂಡು ಮುಂದಕ್ಕೆ ಬಂದೆ. ಅದು ಬಾಗಿಲ ಕಂಬದಲ್ಲಿ ಇಳಿದು, ರಬ್ಬರ್ ಹಾಸಿನ ಕೆಳಗೆ ಹರಿದು, ಇಂಜಿನ್ನಿನ ಮಗ್ಗುಲಲ್ಲಿದ್ದ ಒಂದು ಕರಿ ಡಬ್ಬಿಯ ಹತ್ತಿರ ಮುಗಿಯಿತು. ಬೆಂಕಿಪೊಟ್ಟಣದಷ್ಟೂ ಇಲ್ಲದ ಅದಕ್ಕೆ ರಿಲೇ ಎನ್ನುತ್ತಾರೆ. ಕೀ ತಿರುಗಿಸಿದ ಕೂಡಲೇ ಒಳಗೆ ಟಿಕ್ಕೆಂದು ಕೂಡಿಕೊಂಡು ಪಂಪು, ಕಾಯಿಲ್, ಇಂಜಿನ್ ನಡೆಸುವ ಚಿಕ್ಕ ಕಂಪ್ಯೂಟರ್ ಮೂರಕ್ಕೂ ಕರೆಂಟು ಹಂಚುವುದು ಅದರ ಕೆಲಸ. ಅದು ಅಲ್ಲಿರಬೇಕಾದದ್ದಲ್ಲ. ಇರಬೇಕಾದದ್ದು ಡ್ಯಾಶ್‌ಬೋರ್ಡಿನ ಕೆಳಗೆ, ತಂಪಿನಲ್ಲಿ. ಗಾಡಿಯನ್ನು ಶವವಾಹನ ಮಾಡುವಾಗ ಹೊರಗಿನ ಯಾರೋ ವಯರಿಂಗಿನವನು ಫ್ಯಾನಿಗೆ ಸುಲಭವಾಗಲೆಂದು ಅದನ್ನು ಎಳೆದು ಇಂಜಿನ್ನಿನ ಪಕ್ಕಕ್ಕೆ ತಂದು ಬಿಗಿದಿದ್ದ.

ಗ್ಯಾರೇಜಿನಲ್ಲಿ ಯಾಕೆ ನಿಲ್ಲುತ್ತಿರಲಿಲ್ಲವೆಂಬುದೂ ಆಗ ಹೊಳೆಯಿತು. ಪರೀಕ್ಷೆ ಮಾಡುವಾಗಲೆಲ್ಲ ನಾನು ಸೀಟು ಎತ್ತಿ, ಮುಚ್ಚಳ ತೆಗೆದು, ಆ ರಿಲೇಗೆ ಗಾಳಿ ಬಿಡುತ್ತಿದ್ದೆ.

ಕಾರ್ಯದರ್ಶಿಗೆ ವಿಷಯ ಹೇಳಿದೆ.

"ಸರಿ, ಆ ರಿಲೇನ ಬದಲಾಯಿಸಿಬಿಡಿ. ಅದಕ್ಕೇನು ದೊಡ್ಡ ಖರ್ಚಿಲ್ವಲ್ಲ" ಎಂದರು.

"ಬದಲಾಯಿಸಿದ್ರೆ ಮುಗೀತು ಸಾರ್. ಆದರೆ ಅದೇ ಕಾರಣ ಅಂತ ಯಾವತ್ತಿಗೂ ಗೊತ್ತಾಗುವುದಿಲ್ಲ. ಈಗಂತೂ ಗಾಡಿ ನಿಲ್ತಾನೇ ಇಲ್ಲ. ಹೊಸದು ಹಾಕಿದ ಮೇಲೂ ನಿಲ್ಲುವುದಿಲ್ಲ. ಏನು ವ್ಯತ್ಯಾಸ?"

"ಮತ್ತೇನು ಮಾಡ್ಬೇಕು ಅಂತೀರಿ?"

"ಹಳೆಯದನ್ನೇ ಇಟ್ಟು ಗಾಡಿಯನ್ನು ಕಾಯಿಸಿ ನಿಲ್ಲಿಸಬೇಕು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಓಡ್ತಿರೋ ಗಾಡೀನ ಬೇಕೂಂತ ಕೆಡಿಸ್ತೀರಾ? ಇಂಜಿನ್ ಸುಟ್ಟುಹೋದ್ರೆ ಸಂಘದಲ್ಲಿ ಯಾರು ಉತ್ತರ ಹೇಳೋರು? ಆಮೇಲೆ ಬಡವರು ಸತ್ರೆ ಟೆಂಪೋದಲ್ಲಿ ಹಾಕ್ಕೊಂಡು ಹೋಗ್ಬೇಕಾಗತ್ತೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಳೆಯ ಇಂಜಿನ್ನನ್ನು ಅತಿಯಾಗಿ ಕಾಯಿಸಿದರೆ ಹೆಡ್ಡಿನ ಗ್ಯಾಸ್ಕೆಟ್ ಹೋಗುತ್ತದೆ. ಅದನ್ನು ಸರಿ ಮಾಡಿಸುವ ಶಕ್ತಿ ಸಂಘಕ್ಕೂ ಇರಲಿಲ್ಲ, ನನಗೂ ಇರಲಿಲ್ಲ. ಆದರೆ "ಇರಬಹುದು" ಎಂಬ ಮಾತನ್ನು ಹಿಡಿದು ಆ ತಂದೆ ಮನೆಗೆ ಹೋಗಲಾರರು ಎಂದು ನನಗೆ ಗೊತ್ತಿತ್ತು. ಕಾರ್ಯದರ್ಶಿಗೆ ಅದನ್ನೇ ಹೇಳಿದೆ. ತಾಯಿ ಏನು ಹೇಳಿದರೆಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ನನಗೆ ಏನೂ ಹೇಳಿಲ್ಲ ಅಂದ್ಕೋತೀನಿ" ಎಂದು ಎದ್ದು ಹೋದರು.

ಮುಂದಿನ ಸಲ ತಂದೆ ಬಂದಾಗ ಇಬ್ಬರೂ ಸೇರಿ ಗಾಡಿ ಸಿದ್ಧ ಮಾಡಿದೆವು. ರೇಡಿಯೇಟರಿನ ಮುಂದೆ ಗಾಳಿ ಹೋಗದಂತೆ ಅರ್ಧಕ್ಕೆ ರಟ್ಟು ಕಟ್ಟಿದೆ. ಸೀಟಿನ ಕೆಳಗಿನ ಮುಚ್ಚಳ ಬಿಗಿದು ಅಂಚಿಗೆಲ್ಲ ಗೋಣಿ ಒತ್ತಿದೆ. ಕಿಟಕಿ ಹಾಕಿ, ಪರದೆ ಎಳೆದು, ಫ್ಯಾನು ಚಾಲೂ ಮಾಡಿದೆ. ತಂದೆಗೆ ಬಲ್ಬು ನೋಡುವ ಕೆಲಸ, ನನಗೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡುವ ಕೆಲಸ. ಮುಳ್ಳು ಕೆಂಪು ಗೆರೆ ಮುಟ್ಟಿದರೆ ಎಲ್ಲಿದ್ದರೂ ನಿಲ್ಲಿಸಿ ರಟ್ಟು ಕಿತ್ತುಹಾಕುವುದೆಂದು ಮಾತಾಯಿತು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಗೇಟಿನಿಂದ ಹೊರಟೆವು. ಸರ್ಕಲಿನಲ್ಲಿ ಟ್ರಾಫಿಕ್ ಹಾಗೇ ಇತ್ತು. ಒಳಗೆ ಸೆಕೆ ತಡೆಯಲಾಗುತ್ತಿರಲಿಲ್ಲ, ಸೀಟು ಕೆಳಗಿನಿಂದ ಸುಡುತ್ತಿತ್ತು. ಚುನಾಭಟ್ಟಿ ಬಂತು, ಹೋಯಿತು. ನಿಲ್ಲಲಿಲ್ಲ. ತಂದೆಯ ಮುಖ ನೋಡಲು ಧೈರ್ಯವಾಗಲಿಲ್ಲ. ಚೆಂಬೂರಿನ ಕಡೆಗೆ ಮುಂದೆ ಹೋಗಿ, ತಿರುಗಿ, ಮತ್ತೆ ಸಯನ್ ಕಡೆಗೆ ಬಂದೆ. ಮುಳ್ಳು ಕೆಂಪು ಗೆರೆಯ ಹತ್ತಿರ ಹತ್ತಿರ ಹೋಗುತ್ತಿತ್ತು. ಇನ್ನು ಸಾಕು, ರಟ್ಟು ತೆಗೆಯುತ್ತೇನೆ ಎಂದು ಎಡಕ್ಕೆ ಇಂಡಿಕೇಟರ್ ಹಾಕಿದ್ದೆ.

"ಆರಿತು!" ಎಂದರು ತಂದೆ.

ಎರಡೂ ಬಲ್ಬು ಒಟ್ಟಿಗೇ ಆರಿದ್ದವು. ಇಂಜಿನ್ ಸದ್ದಿಲ್ಲದೆ ನಿಂತಿತ್ತು. ಗಾಡಿ ತನ್ನ ವೇಗದಲ್ಲೇ ಉರುಳಿ ಅಂಚಿಗೆ ಬಂತು. ಇಬ್ಬರೂ ತಿರುಗಿ ಹಿಂದೆ ನೋಡಿದೆವು. ಚಾವಣಿಯ ಫ್ಯಾನು ನಿಧಾನವಾಗುತ್ತ ಒಂದೆರಡು ಸುತ್ತು ಸುತ್ತಿ ನಿಂತಿತು. ಕೆಳಗೆ ಖಾಲಿ ಸ್ಟ್ರೆಚರ್ ಇತ್ತು.

ಮೊದಲು ಇಳಿದು ರಟ್ಟು ಕಿತ್ತೆ. ಸೀಟು ಎತ್ತಿ ರಿಲೇ ಮುಟ್ಟಿದೆ, ಬೆರಳಿಡಲಾಗಲಿಲ್ಲ. ಅದನ್ನು ಬಟ್ಟೆಯಲ್ಲಿ ಹಿಡಿದು ಕಿತ್ತು, ಆ ಜಾಗದಲ್ಲಿ ಒಂದು ವಯರಿನ ತುಂಡಿನಿಂದ ನೇರವಾಗಿ ಸಂಪರ್ಕ ಕೊಟ್ಟೆ. ಬಲ್ಬುಗಳು ಹತ್ತಿದವು. ಫ್ಯಾನು ತಿರುಗಿತು. ಕೀ ತಿರುಗಿಸಿದ ಕೂಡಲೇ ಇಂಜಿನ್ ಹಿಡಿಯಿತು.

ತಂದೆ ರಸ್ತೆಯ ಅಂಚಿನಲ್ಲಿ ನಿಂತು ಗಾಡಿಯ ಹಿಂಬಾಗಿಲಿಗೆ ಹಣೆ ಒರಗಿಸಿದ್ದರು. ಅವರಾಗಿ ಬರುವವರೆಗೆ ನಾನು ಕರೆಯಲಿಲ್ಲ.

ಗ್ಯಾರೇಜಿನಲ್ಲಿ ರಿಲೇಯ ಮುಚ್ಚಳ ತೆಗೆದೆ. ಒಳಗೆ ಹೆಬ್ಬೆಟ್ಟಿನುಗುರಿನಷ್ಟು ಒಂದು ಬೋರ್ಡು. ಒಂದು ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು. ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಭೂತಗನ್ನಡಿಯಲ್ಲಿ ತಂದೆಗೆ ತೋರಿಸಿದೆ. ಆಮೇಲೆ ಅದನ್ನು ಬ್ಯಾಟರಿಗೆ, ಬಲ್ಬಿಗೆ ಜೋಡಿಸಿ, ಪಕ್ಕದ ಸಲೂನಿನಿಂದ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಹಿಡಿದೆ. ಸ್ವಲ್ಪ ಹೊತ್ತಿಗೆ ಬಲ್ಬು ಆರಿತು. ಬಿಸಿಗಾಳಿ ನಿಲ್ಲಿಸಿ ಕಾದೆವು. ತಣ್ಣಗಾಗುತ್ತ ಬಂದ ಹಾಗೆ ಒಳಗೆ ಟಿಕ್ಕೆಂದಿತು, ಬಲ್ಬು ಹತ್ತಿತು. ಇನ್ನೊಮ್ಮೆ ಮಾಡಿ ಎಂದರು. ಮಾಡಿದೆ. ಮತ್ತೊಮ್ಮೆ ಎಂದರು.

ಹೊಸ ರಿಲೇಯನ್ನು ಅದರ ಹಳೆಯ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದೆ. ಫ್ಯಾನಿಗೆ ಬೇರೆ ವಯರು ಎಳೆದು ಬೇರೆ ಫ್ಯೂಸ್ ಹಾಕಿದೆ. ಮತ್ತೆ ರಟ್ಟು ಕಟ್ಟಿ ಅದೇ ದಾರಿಯಲ್ಲಿ ಸುತ್ತಿಸಿದೆ. ಮುಳ್ಳು ಅಷ್ಟೇ ಮೇಲೆ ಹೋಯಿತು, ಗಾಡಿ ನಿಲ್ಲಲಿಲ್ಲ. ಗಾಡಿಯ ಕೆಲಸ ಅಲ್ಲಿಗೆ ಮುಗಿಯಿತು.

"ನೀವೇ ಬಂದು ಹೇಳ್ಬೇಕು" ಎಂದರು ತಂದೆ. "ನಾನು ಹೇಳಿದ್ರೆ ಅವಳು ನಂಬುದಿಲ್ಲ."

ಚೆಂಬೂರಿನಲ್ಲೇ, ಹಳೆಯ ಕಾಲೊನಿಯ ಎರಡನೇ ಮಾಳಿಗೆಯಲ್ಲಿ ಅವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದು ಹಾಗೇ ಇತ್ತು, ವಯರು ನೆಲದ ಮೇಲೆ ಸುರುಳಿ ಸುತ್ತಿಕೊಂಡಿತ್ತು. ತಾಯಿ ಬಂದು ಕೂತರು. ಅಕ್ಟೋಬರಿನಲ್ಲಿ ನೋಡಿದ್ದಕ್ಕಿಂತ ಅರ್ಧಕ್ಕೆ ಇಳಿದಿದ್ದರು. ಗಂಡನ ಕಡೆ ನೋಡಲಿಲ್ಲ.

ಜೇಬಿನಿಂದ ರಿಲೇ ತೆಗೆದು ಅವರ ಕೈಗೆ ಕೊಟ್ಟೆ. ಆದಷ್ಟು ಸರಳವಾಗಿ ಹೇಳಿದೆ. ಒಳಗೊಂದು ಬಿರುಕು, ಬಿಸಿಯಾದರೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ತಾನೇ ಕೂಡಿಕೊಳ್ಳುತ್ತದೆ, ಅವತ್ತು ಸೆಕೆಯಿತ್ತು, ಟ್ರಾಫಿಕ್ ಇತ್ತು, ಆಮೇಲೆ ಚಳಿಗಾಲ ಬಂತು, ಅದಕ್ಕೇ ಮತ್ತೆ ನಿಲ್ಲಲಿಲ್ಲ.

"ಇಷ್ಟು ಸಣ್ಣದಾ?" ಎಂದರು.

"ಹೌದು ಅಕ್ಕ."

"ಫ್ಯಾನು?"

"ಫ್ಯಾನಿಗೂ ಇದರಿಂದಲೇ ಕರೆಂಟು. ನೀವು ಫ್ಯಾನಿನ ವಿಷಯ ಹೇಳದೇ ಇದ್ದಿದ್ರೆ ನನಗೆ ಇದು ಸಿಗ್ತಾನೇ ಇರಲಿಲ್ಲ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅದು ಅವರಿಗೆ ಎಲ್ಲಿ ತಾಗಿತೆಂಬುದು ಮುಖ ನೋಡಿದ ಮೇಲೆ ಗೊತ್ತಾಯಿತು. ಅಷ್ಟು ತಿಂಗಳು ಯಾವುದನ್ನು ಮಗನ ಗುರುತೆಂದು ಎದೆಯಲ್ಲಿಟ್ಟುಕೊಂಡಿದ್ದರೋ ಅದನ್ನೇ ನಾನು ಕಾರಣ ಹುಡುಕುವ ದಾರಿ ಮಾಡಿಕೊಂಡಿದ್ದೆ.

"ಅವತ್ತು ಬೇರೆ ಯಾರಿದ್ರೂ ನಿಲ್ತಿತ್ತಾ?"

"ನಿಲ್ತಿತ್ತು ಅಕ್ಕ."

"ಯಾರೂ ಇಲ್ಲದಿದ್ರೆ?"

"ಮೊನ್ನೆ ಯಾರೂ ಇರಲಿಲ್ಲ. ನಾವಿಬ್ಬರೇ ಇದ್ದದ್ದು. ನಿಂತಿತು."

ಅವರು ರಿಲೇಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಾಗಾದ್ರೆ ಅವನಲ್ಲ" ಎಂದರು.

ಆಮೇಲೆ ಅತ್ತರು. ಚುನಾಭಟ್ಟಿಯಲ್ಲೂ, ಸ್ಮಶಾನದಲ್ಲೂ ಅವರು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ತಂದೆ ಗೋಡೆಗೆ ಒರಗಿ ನಿಂತಿದ್ದರು. ಹತ್ತಿರ ಹೋಗಲು ಹೆದರಿದವರ ಹಾಗೆ ಕಂಡರು. ನಾನು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಕೂತೇ ಇದ್ದೆ. ಕಾರಣ ಹುಡುಕಿಕೊಟ್ಟರೆ ನೋವು ಕಡಿಮೆಯಾಗುತ್ತದೆಂದು ನಂಬಿ ಆ ಮನೆಗೆ ಬಂದಿದ್ದೆ. ಹಾಗೆ ಆಗಲಿಲ್ಲ.

ಅಳು ತಗ್ಗಿದ ಮೇಲೆ ಅವರು ಗಂಡನ ಕಡೆ ನೋಡಿದರು.

"ನೀವು ತಳ್ಳಿದ್ದು ಗಾಡಿಯನ್ನು ಮಾತ್ರ" ಎಂದರು.

ತಂದೆ ನಿಂತಲ್ಲೇ ನೆಲದ ಮೇಲೆ ಕೂತರು. ಮುಖ ಮುಚ್ಚಿಕೊಂಡರು. ತಾಯಿ ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು. ಇನ್ನೊಂದು ಲೋಟ ನನಗೆ ಕೊಟ್ಟರು. ನೀರು ಕುಡಿದು ನಾನು ಹೊರಡಲು ಎದ್ದೆ.

"ಅವತ್ತು ಎಷ್ಟು ಹೊತ್ತು ನಿಂತಿತ್ತು?" ಎಂದು ತಾಯಿ ಕೇಳಿದರು.

"ಇಪ್ಪತ್ತು ನಿಮಿಷ ಇರಬಹುದು ಅಕ್ಕ."

"ಅಷ್ಟು ಹೊತ್ತೂ ಅವನ ಕೈ ನನ್ನ ಕೈಯಲ್ಲಿತ್ತು" ಎಂದರು. "ಗಾಡಿ ಸರಿ ಇದ್ದಿದ್ರೆ ಅದೂ ಸಿಗ್ತಿರಲಿಲ್ಲ."

ರಿಲೇ ಅವರ ಮುಷ್ಟಿಯಲ್ಲೇ ಇತ್ತು. ನಾನು ವಾಪಸು ಕೇಳಲಿಲ್ಲ.